ಅಪ್ಪನ ಪೆಟ್ಟಿಗೆ: ತುಕ್ಕು ತೆಗೆಯಿರಿ, ಸವೆತ ಮುಟ್ಟಬೇಡಿ

ಪ್ರಶ್ನೆ: ನಮ್ಮ ತಂದೆ ಮರಗೆಲಸ ಮಾಡುತ್ತಿದ್ದರು. ಅವರು ತೀರಿಕೊಂಡು ಒಂದು ವರ್ಷ ದಾಟಿತು. ಅವರ ಉಪಕರಣಗಳ ಪೆಟ್ಟಿಗೆಯನ್ನು ಅಲ್ಲಿಂದ ಈಚೆಗೆ ಯಾರೂ ಮುಟ್ಟಿರಲಿಲ್ಲ. ಮೊನ್ನೆ ತೆರೆದು ನೋಡಿದೆ. ಉಳಿಗಳಿಗೆ, ಗರಗಸಕ್ಕೆ ತುಕ್ಕು ಹಿಡಿದಿದೆ. ಒಂದು ಉಳಿಯ ಹಿಡಿಗೆ ಅವರೇ ಬಟ್ಟೆ ಸುತ್ತಿ ದಾರ ಬಿಗಿದಿದ್ದಾರೆ. ಕೆಲವು ವಸ್ತುಗಳು ಯಾವುದಕ್ಕೆ ಅಂತಲೇ ಗೊತ್ತಾಗಲಿಲ್ಲ. ಸ್ವಚ್ಛ ಮಾಡಿದರೆ ಅವರ ಕೈ ಗುರುತು ಅಳಿಸಿಹೋಗುತ್ತದೇನೋ ಅನ್ನೋ ಭಯ. ಬಿಟ್ಟರೆ ಹಾಳಾಗುತ್ತವೆ. ಬಳಸುವವರಿಗೆ ಕೊಟ್ಟುಬಿಡೋಣ ಅಂತಾನೆ ತಮ್ಮ. ಹಾಗೇ ಇರಲಿ ಅಂತಾರೆ ಅಮ್ಮ. ನನಗೆ ಮರಗೆಲಸ ಬರುವುದಿಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಭಯಕ್ಕೆ ಕಾರಣ ಇದೆ. ನನ್ನ ಹತ್ತಿರ ಹಳೆಯ ಉಪಕರಣ ರಿಪೇರಿಗೆ ತರುವವರಲ್ಲಿ ಬಹಳ ಜನ ತಂದೆಯದ್ದೋ ತಾತನದ್ದೋ ಹಿಡಿದು ಬರುತ್ತಾರೆ. ಹೊಸದರ ಹಾಗೆ ಮಾಡಿಕೊಡಿ ಅಂತ ಕೇಳುತ್ತಾರೆ. ಅದೇನೂ ಕಷ್ಟದ ಕೆಲಸವಲ್ಲ. ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ, ಹಿಡಿಗೆ ವಾರ್ನಿಷ್ ಬಳಿದರೆ ಆಯಿತು. ಆದರೆ ಹಾಗೆ ಮಾಡಿದ ಮೇಲೆ ಅದು ಯಾರದ್ದು ಬೇಕಾದರೂ ಆಗಬಹುದಾದ ಉಪಕರಣ. ನಿಮ್ಮ ತಂದೆಯದ್ದು ಅನ್ನಲು ಅದರಲ್ಲಿ ಏನೂ ಉಳಿದಿರುವುದಿಲ್ಲ. ನೀವು ಕೈ ಹಾಕುವ ಮುಂಚೆ ಕೇಳಿದ್ದು ಒಳ್ಳೆಯದಾಯಿತು.

ತುಕ್ಕು ತೆಗೆಯಿರಿ, ಸವೆತ ಮುಟ್ಟಬೇಡಿ. ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ನೋಡುವವರಿಗೆ ಎರಡೂ ಹಳೆಯದಾಗಿರುವ ಲಕ್ಷಣವೇ. ಆದರೆ ಸವೆತ ಆಗಿದ್ದು ಅಪ್ಪ ಕೆಲಸ ಮಾಡುತ್ತಿದ್ದಾಗ. ತುಕ್ಕು ಬಂದಿದ್ದು ಕೆಲಸ ನಿಂತ ಮೇಲೆ. ದಿನಾ ಕೈಯಲ್ಲಿ ಆಡುವ ಉಳಿಗೆ ತುಕ್ಕು ಹಿಡಿಯಲು ಪುರುಸೊತ್ತೇ ಇರುವುದಿಲ್ಲ. ಹಾಗಾಗಿ ಕೆಂಪು ತುಕ್ಕನ್ನು ಒರೆಸುವಾಗ ಅಪ್ಪನನ್ನು ಒರೆಸುತ್ತಿದ್ದೇನೆ ಅಂತ ಅನಿಸಬೇಕಾಗಿಲ್ಲ. ನೀವು ಕಾಯಬೇಕಾದ್ದು ಸವೆತವನ್ನು. ಅದನ್ನು ಕಾಯಬೇಕಾದರೆ ಮೊದಲು ಗುರುತಿಸಲು ಬರಬೇಕು.

ಮೊದಲ ದಿನ ಎಣ್ಣೆ, ಬ್ರಷ್ ಯಾವುದನ್ನೂ ತರಬೇಡಿ. ಪೆಟ್ಟಿಗೆ ಇದ್ದ ಹಾಗೆಯೇ ಮೇಲಿನಿಂದ ಒಂದು ಫೋಟೋ ತೆಗೆಯಿರಿ. ಮೇಲಿನ ಸಾಲು ಎತ್ತಿದ ಮೇಲೆ ಮತ್ತೊಂದು. ಹೀಗೆ ತಳದವರೆಗೆ. ಕೆಲಸಗಾರನ ಪೆಟ್ಟಿಗೆಯಲ್ಲಿ ವಸ್ತುಗಳು ಎಲ್ಲೆಂದರಲ್ಲಿ ಬಿದ್ದಿರುವುದಿಲ್ಲ. ಕಣ್ಣು ಬೇರೆ ಕಡೆ ಇದ್ದರೂ ಕೈ ಹೋಗಿ ಹಿಡಿಯುವ ಜಾಗದಲ್ಲಿ ಇರುತ್ತವೆ. ಯಾವುದು ಮೇಲಿತ್ತು, ಯಾವುದು ಬಲಗಡೆ ಇತ್ತು, ಯಾವುದಕ್ಕೆ ಬಟ್ಟೆ ಸುತ್ತಿತ್ತು ಅನ್ನುವುದೆಲ್ಲ ಅವರು ದಿನಾ ಹೇಗೆ ಕೆಲಸ ಶುರು ಮಾಡುತ್ತಿದ್ದರು ಅನ್ನುವುದರ ಲೆಕ್ಕ. ಒಂದು ಸಲ ಎಲ್ಲ ಎತ್ತಿ ನೆಲದ ಮೇಲೆ ಹರಡಿದರೆ ಆ ಲೆಕ್ಕ ಹೋಯಿತು, ಮತ್ತೆ ಸಿಗುವುದಿಲ್ಲ. ತಳದಲ್ಲಿರುವ ಹೊಟ್ಟು, ಬಾಗಿದ ಮೊಳೆ, ಪೆನ್ಸಿಲ್ ತುಂಡು, ಅಳತೆ ಬರೆದ ಚೀಟಿ, ಇವನ್ನು ಕಸ ಅಂತ ಗುಡಿಸಬೇಡಿ. ಮರಗೆಲಸದವರ ಪೆನ್ಸಿಲ್ ಅನ್ನು ಉಳಿಯಿಂದಲೇ ಚಪ್ಪಟೆಯಾಗಿ ಹೆರೆದಿರುತ್ತಾರೆ. ಹೆರೆದ ಆ ಮುಖಗಳನ್ನು ಹತ್ತಿರದಿಂದ ನೋಡಿ. ಅವರ ಕೈ ಎಷ್ಟು ನೇರವಾಗಿ ನಡೆಯುತ್ತಿತ್ತು ಅನ್ನುವುದು ಅಲ್ಲೇ ಕಾಣುತ್ತದೆ.

ಈಗ ಉಳಿಗಳನ್ನು ಪಕ್ಕಪಕ್ಕ ಜೋಡಿಸಿ. ಒಂದೇ ಸಲ ತಂದ ಜೊತೆಯಾದರೂ ಇವತ್ತು ಅವುಗಳ ಉದ್ದ ಒಂದೇ ಇರುವುದಿಲ್ಲ. ಪ್ರತಿ ಸಲ ಮಸೆದಾಗಲೂ ಸ್ವಲ್ಪ ಉಕ್ಕು ಹೋಗುತ್ತದೆ. ವರ್ಷಗಟ್ಟಲೆ ಮಸೆದದ್ದು ಗಿಡ್ಡವಾಗುತ್ತದೆ. ಯಾವುದು ಎಲ್ಲಕ್ಕಿಂತ ಗಿಡ್ಡ ಇದೆಯೋ ಅದು ಅಪ್ಪನ ಕೈಗೆ ಹೆಚ್ಚು ಹೋದ ಉಳಿ. ಇದನ್ನು ಯಾರೂ ನಿಮಗೆ ಹೇಳಿರಲಿಕ್ಕಿಲ್ಲ, ಅವರೂ ಹೇಳಿರಲಿಕ್ಕಿಲ್ಲ. ಉದ್ದ ಹಾಗೇ ಉಳಿದ ದೊಡ್ಡ ಉಳಿಯೊಂದು ಇದ್ದರೆ, ಅದು ಅಪರೂಪದ ಕೆಲಸಕ್ಕೆ ಇಟ್ಟುಕೊಂಡದ್ದು.

ಸಾಣೆಕಲ್ಲು ಸಿಕ್ಕಿದೆಯಾ? ಅದರ ನಡುಭಾಗ ತಗ್ಗಾಗಿರುತ್ತದೆ. ಉಳಿಯಿಂದ ಉಕ್ಕು ಹೋದ ಹಾಗೆ ಕಲ್ಲಿನಿಂದ ಕಲ್ಲೂ ಹೋಗಿದೆ. ಇಡೀ ಪೆಟ್ಟಿಗೆಯಲ್ಲಿ ನಾನು ಅತ್ಯಂತ ಬೆಲೆಯದ್ದು ಅನ್ನುವುದು ಈ ತಗ್ಗನ್ನೇ. ಎಷ್ಟು ಸಾವಿರ ಸಲ ಅವರ ಕೈ ಅದೇ ದಾರಿಯಲ್ಲಿ ಹೋಗಿ ಬಂದರೆ ಕಲ್ಲು ಹಾಗೆ ತಗ್ಗುತ್ತದೆ ಅಂತ ಒಂದು ಗಳಿಗೆ ಯೋಚಿಸಿ. ಮಸೆಯುವುದನ್ನು ಕಲಿಸುವವರು ಯಾರೇ ಆದರೂ ಕಲ್ಲನ್ನು ಸಮ ಮಾಡಿಕೊಳ್ಳಿ ಅಂತಾರೆ. ಕೆಲಸಕ್ಕೆ ಅದು ಸರಿಯಾದ ಮಾತು. ತಗ್ಗಿದ ಕಲ್ಲಿನಲ್ಲಿ ಉಳಿಯ ಬಾಯಿ ನೇರ ಬರುವುದಿಲ್ಲ. ಆದರೆ ಈ ಕಲ್ಲನ್ನು ಸಮ ಮಾಡಬೇಡಿ. ಮಸೆಯಲು ಬೇರೆ ಕಲ್ಲು ತನ್ನಿ. ಇದು ಹೀಗೇ ಇರಲಿ.

ಉಳಿಯ ಬಾಯಿಯ ಇಳಿಜಾರನ್ನೂ ಗಮನಿಸಿ. ಸಾಮಾನ್ಯ ಕೆಲಸಕ್ಕೆ 25ರಿಂದ 30 ಡಿಗ್ರಿ ಕೋನ ಇಡುತ್ತಾರೆ. ತೆಳುವಾಗಿ ಸವರಿ ತೆಗೆಯುವ ಉಳಿಗೆ ಕೋನ ಇದಕ್ಕಿಂತ ಕಡಿಮೆ ಇರಬಹುದು. ಕೊಡತಿಯಿಂದ ಹೊಡೆದು ತೂತು ತೋಡುವ ಉಳಿಗೆ ಬಾಯಿ ಮುರಿಯಬಾರದು ಅಂತ ಜಾಸ್ತಿ ಇಡುತ್ತಾರೆ. ನಿಮ್ಮ ತಂದೆಯ ಉಳಿ ಈ ಲೆಕ್ಕಕ್ಕೆ ಸೇರದೆ 33 ಡಿಗ್ರಿ ಇದ್ದರೆ ಅದು ತಪ್ಪಲ್ಲ. ಅವರು ಕೆಲಸ ಮಾಡುತ್ತಿದ್ದ ಮರಕ್ಕೆ, ಅವರ ಹೊಡೆತಕ್ಕೆ ಅವರೇ ಕಂಡುಕೊಂಡ ಕೋನ ಅದು. ದಪ್ಪ ಕಾಗದದಲ್ಲಿ ಆ ಕೋನವನ್ನು ಕತ್ತರಿಸಿ, ಉಳಿಯ ಅಗಲವನ್ನು ಮೇಲೆ ಬರೆದು ಇಟ್ಟುಕೊಳ್ಳಿ. ಯಾರು ಮಸೆದರೂ ಇದೇ ಕೋನಕ್ಕೆ ಮಸೆಯಲಿ. ಗ್ರೈಂಡರಿಗೆ ಮಾತ್ರ ಸುಮ್ನೆ ಯಾರ ಕೈಗೂ ಕೊಡಬೇಡಿ. ಚಕ್ರದ ಬಿಸಿಗೆ ಬಾಯಿ ನೀಲಿ ಬಣ್ಣಕ್ಕೆ ತಿರುಗಿದರೆ ಅಲ್ಲಿ ಸುಮಾರು 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಉಕ್ಕಿನ ಹದ ಇಳಿದಿದೆ ಅಂತ ಅರ್ಥ. ಅಷ್ಟು ಭಾಗ ಮಸೆದು ಬಿಸಾಡುವುದೇ ದಾರಿ. ಮೊದಲೇ ಗಿಡ್ಡವಾದ ಉಳಿಗೆ ಅದು ದೊಡ್ಡ ನಷ್ಟ.

ಹಿಡಿಗಳನ್ನು ಕಿಟಕಿಯ ಬೆಳಕಿನಲ್ಲಿ ಓರೆಯಾಗಿ ಹಿಡಿದು ನೋಡಿ. ಹೊಳಪು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಹೆಬ್ಬೆರಳು ಒತ್ತುತ್ತಿದ್ದ ಕಡೆ, ಅಂಗೈ ಬುಡ ಕೂರುತ್ತಿದ್ದ ಕಡೆ ಜಾಸ್ತಿ. ಗರಗಸದ ಹಿಡಿಯಲ್ಲಿ ತೋರುಬೆರಳು ಚಾಚಿ ಇಟ್ಟುಕೊಳ್ಳುವ ಜಾಗ ಬೇರೆಯಾಗಿಯೇ ನುಣುಪಾಗಿರುತ್ತದೆ. ಸುತ್ತಿಗೆಯ ಮುಖ ಒಂದು ಅಂಚಿನಲ್ಲಿ ಜಾಸ್ತಿ ಸವೆದಿದ್ದರೆ ಅವರ ಹೊಡೆತ ಯಾವ ಕಡೆಗೆ ವಾಲುತ್ತಿತ್ತು ಅಂತ ಗೊತ್ತಾಗುತ್ತದೆ. ಮರದ ಮೈ ಕೀಸಿ ನುಣುಪು ಮಾಡುವ ಕೀಸುಳಿ ಇದ್ದರೆ, ಕೆಲವರು ಇದನ್ನು ಹತ್ತರಿ ಅಂತಾರೆ, ಅದರ ತಳದಲ್ಲಿ ಅಲಗು ಹೊರಬರುವ ಬಾಯಿಯ ಮುಂದಿನ ಭಾಗ ನೋಡಿ. ಮರದ ಕೀಸುಳಿಯಲ್ಲಿ ಅಲ್ಲೇ ಸವೆತ ಮೊದಲು ಕಾಣುವುದು. ಗರಗಸದ ಹಲ್ಲು ಉಳಿಯ ಬಾಯಿಯಂತೆ ಚಪ್ಪಟೆ ಇದ್ದರೆ ಅದು ಮರವನ್ನು ಉದ್ದಕ್ಕೆ ಸೀಳುವ ಗರಗಸ. ಚಾಕುವಿನ ಮೊನೆಯಂತೆ ಓರೆಯಾಗಿ ಅರೆದಿದ್ದರೆ ಅಡ್ಡ ಕೊಯ್ಯುವುದು. ಹಲ್ಲುಗಳನ್ನು ಮತ್ತೆ ಮತ್ತೆ ಅರದಿಂದ ಅರೆದು ಅಲಗಿನ ಅಗಲವೇ ಕಡಿಮೆಯಾಗಿರಬಹುದು.

ಬಟ್ಟೆ ಸುತ್ತಿದ ಉಳಿಯ ವಿಚಾರಕ್ಕೆ ನನಗೆ ಅನುಮಾನವೇ ಇಲ್ಲ. ಅದನ್ನು ಬಿಚ್ಚಬೇಡಿ, ತೊಳೆಯಬೇಡಿ, ಬಳಸಲೂ ಬೇಡಿ. ಹಿಡಿ ಸೀಳಿದಾಗ ಹೊಸದು ಹಾಕುವ ಬದಲು ಸುತ್ತಿ ಬಿಗಿದಿದ್ದಾರೆ. ಕೈಯಲ್ಲಿ ಹಿಡಿದ ಕೆಲಸ ನಿಲ್ಲಬಾರದು ಅನ್ನುವ ಅವಸರವೋ, ಆ ಹಿಡಿಯೇ ಕೈಗೆ ಒಗ್ಗಿತ್ತು ಅನ್ನುವ ಪ್ರೀತಿಯೋ. ಲೋಹದ ಭಾಗಕ್ಕಷ್ಟೇ ಬಟ್ಟೆಯ ಹತ್ತಿರ ಹೋಗದಂತೆ ತೆಳುವಾಗಿ ಎಣ್ಣೆ ಸವರಿ. ದಾರದ ಗಂಟನ್ನೂ ನೋಡಿ, ಎಡಗೈಯವರು ಹಾಕಿದ್ದೋ ಬಲಗೈಯವರದೋ ಅನ್ನುವ ಸುಳಿವು ಅಲ್ಲಿ ಇರಬಹುದು. ನಿಮಗೆ ಅದು ಮೊದಲೇ ಗೊತ್ತಿರುತ್ತದೆ, ಆದರೂ ಗಂಟಿನಲ್ಲಿ ನೋಡುವುದು ಬೇರೆ.

ಯಾವುದಕ್ಕೆ ಅಂತ ಗೊತ್ತಾಗದ ವಸ್ತುಗಳಿಗೆ ಇನ್ನೂ ಹೆಚ್ಚು ಗೌರವ ಕೊಡಿ. ಪೆಟ್ಟಿಗೆಯಲ್ಲಿ ಪಟ್ಟಿಯಂಥ ಕೋಲಿನ ಮೇಲೆ ಬರೀ ಗೀಟುಗಳು ಇರುವುದು ಸಿಕ್ಕಿದರೆ ಎಸೆಯಬೇಡಿ. ಒಂದು ಬಾಗಿಲಿಗೋ ಕಪಾಟಿಗೋ ಬೇಕಾದ ಎಲ್ಲ ಅಳತೆಗಳನ್ನೂ ಟೇಪಿನ ಬದಲು ಕೋಲಿಗೇ ಇಳಿಸಿಕೊಳ್ಳುವುದು ಹಳೆಯ ಪದ್ಧತಿ. ಅಂಕಿ ಓದುವಾಗ ತಪ್ಪಬಹುದು, ಗೀಟು ತಪ್ಪುವುದಿಲ್ಲ. ಪ್ಲೈವುಡ್ಡಿನ ತ್ರಿಕೋನ, ಮಧ್ಯೆ ಕಚ್ಚು ಹಾಕಿದ ಮರದ ತುಂಡು, ಮೊಳೆ ಹೊಡೆದ ಪಟ್ಟಿ, ಇವೆಲ್ಲ ಒಂದೇ ಕೆಲಸವನ್ನು ಮತ್ತೆ ಮತ್ತೆ ಒಂದೇ ಥರ ಮಾಡಲು ಅವರೇ ತಯಾರಿಸಿಕೊಂಡ ಅಚ್ಚುಗಳು ಇರಬಹುದು. ಉಳಿ, ಗರಗಸ ಅಂಗಡಿಯಿಂದ ಬಂದವು. ಇವು ಅವರ ತಲೆಯಿಂದ ಬಂದವು. ಮಾರಲು ಹೋದರೆ ಯಾರೂ ಕಾಸು ಕೊಡುವುದಿಲ್ಲ. ಅದಕ್ಕೇ ಪೆಟ್ಟಿಗೆ ಹಂಚುವಾಗ ಮೊದಲು ಒಲೆಗೆ ಹೋಗುವುದೂ ಇವೇ. ಅವರ ಜೊತೆ ಕೆಲಸ ಮಾಡಿದವರು ಯಾರಾದರೂ ಇದ್ದರೆ ಬೇಗ ಹೋಗಿ ಭೇಟಿ ಮಾಡಿ. ಫೋಟೋ ತೋರಿಸುವುದಕ್ಕಿಂತ ವಸ್ತುವನ್ನೇ ಅವರ ಕೈಗೆ ಕೊಡಿ. ಕೆಲಸಗಾರರಿಗೆ ನೆನಪು ಬರುವುದು ಕೈಯಿಂದ. ಹಿಡಿದ ತಕ್ಷಣ, ಇದು ಇಂಥದಕ್ಕೆ, ಇಂಥ ಕಡೆ ಕೆಲಸ ಮಾಡುವಾಗ ಮಾಡಿಕೊಂಡಿದ್ದು ಅಂತ ಕತೆ ಶುರುವಾಗುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ತುಕ್ಕಿಗೆ ಇನ್ನೂ ಆರು ತಿಂಗಳು ಕಾಯಬಹುದು, ಈ ಭೇಟಿಗೆ ಕಾಯಬೇಡಿ.

ಇನ್ನೊಂದು ಕೆಲಸ: ಪಟ್ಟಿ ಬರೆಯಿರಿ. 1796ರಲ್ಲಿ ಇಂಗ್ಲೆಂಡಿನಲ್ಲಿ ಜೋಸೆಫ್ ಸೀಟನ್ ಎಂಬ ಮರಗೆಲಸದವರು ಮಗ ಬೆಂಜಮಿನ್‌ಗೆ ಉಪಕರಣಗಳ ಇಡೀ ಸೆಟ್ ಕೊಡಿಸಿದರು. ಮಗ ಅವಕ್ಕೆ ತಾನೇ ಒಂದು ಪೆಟ್ಟಿಗೆ ಮಾಡಿದ. ಒಂದೊಂದನ್ನೂ ಪಟ್ಟಿ ಮಾಡಿ ಬರೆದಿಟ್ಟ. ಆಮೇಲೆ ಹೆಚ್ಚು ಬಳಸಲಿಲ್ಲ. ಹಾಗಾಗಿ ಪೆಟ್ಟಿಗೆ, ಪಟ್ಟಿ, ಉಪಕರಣ ಎಲ್ಲ ಇವತ್ತಿಗೂ ರಾಚೆಸ್ಟರ್ ಊರಿನ ಗಿಲ್ಡ್‌ಹಾಲ್ ಮ್ಯೂಸಿಯಂನಲ್ಲಿ ಚೆನ್ನಾಗಿ ಉಳಿದಿವೆ. ಆ ಕಾಲದ ಉಪಕರಣ ಹೇಗಿತ್ತು ಅಂತ ತಿಳಿಯಬೇಕಾದವರಿಗೆ ಅದು ದೊಡ್ಡ ಆಸ್ತಿ. ಇದಕ್ಕೆ ಎದುರಾದದ್ದು ಸ್ವೀಡನ್ನಿನ ಗೋಟ್‌ಲ್ಯಾಂಡ್ ದ್ವೀಪದಲ್ಲಿ 1936ರಲ್ಲಿ ಸಿಕ್ಕ ಪೆಟ್ಟಿಗೆ. ಮೆಸ್ಟರ್‌ಮಿರ್ ಎಂಬ ಜೌಗು ನೆಲವನ್ನು ಉಳುವಾಗ ವೈಕಿಂಗ್ ಕಾಲದ ಓಕ್ ಪೆಟ್ಟಿಗೆ ಬಂತು. ಅದರೊಂದಿಗೆ 200ಕ್ಕೂ ಹೆಚ್ಚು ವಸ್ತು. ಕೊಡಲಿ, ಗರಗಸ, ಅರ, ಸುತ್ತಿಗೆ, ಎಲ್ಲವೂ ಇವತ್ತಿನ ಕೆಲಸಗಾರ ನೋಡಿದ ಕೂಡಲೇ ಗುರುತಿಸುವಂಥವು. ಮರಗೆಲಸವನ್ನೂ ಕಮ್ಮಾರಿಕೆಯನ್ನೂ ಬಲ್ಲ ಯಾರದ್ದೋ ಪೆಟ್ಟಿಗೆ ಅಂತ ಅಂದಾಜು ಮಾಡಬಹುದು. ಹೆಸರು ಮಾತ್ರ ಗೊತ್ತಿಲ್ಲ. ಸಾವಿರ ವರ್ಷ ಉಪಕರಣ ಉಳಿಯಿತು, ಮನುಷ್ಯ ಯಾರು ಅನ್ನುವುದು ಉಳಿಯಲಿಲ್ಲ. ನಿಮ್ಮ ಹತ್ತಿರ ಎರಡೂ ಇವೆ ಅಲ್ವಾ, ಸವೆದ ಉಪಕರಣವೂ, ಸವೆಸಿದವರ ಹೆಸರೂ. ಒಂದು ನೋಟ್‌ಬುಕ್ಕಿನಲ್ಲಿ ಎರಡನ್ನೂ ಸೇರಿಸಿ ಬರೆದಿಡಿ. ಉಪಕರಣದ ಮೇಲೆ ಹೆಸರು ಕೊರೆಸಬೇಡಿ, ಅಂಟಿನ ಚೀಟಿ ಹಚ್ಚಬೇಡಿ. ದಾರ ಕಟ್ಟಿದ ಸಣ್ಣ ಚೀಟಿ ಸಾಕು. ಅವರೇ ಹಿಡಿಯಲ್ಲಿ ತಮ್ಮ ಗುರುತು ಕೊರೆದುಕೊಂಡಿದ್ದರೆ, ಬಹಳ ಕೆಲಸಗಾರರು ಹಾಗೆ ಮಾಡುತ್ತಾರೆ, ಅದನ್ನು ಮಾತ್ರ ಎಂದೂ ಉಜ್ಜಬೇಡಿ.

ಇಷ್ಟಾದ ಮೇಲೆ ತುಕ್ಕಿಗೆ ಬನ್ನಿ. ಕಬ್ಬಿಣ, ನೀರು, ಗಾಳಿಯಲ್ಲಿರುವ ಆಮ್ಲಜನಕ ಮೂರೂ ಸೇರಿದರೆ ತುಕ್ಕು. ಅದು ಪುಡಿಪುಡಿಯಾಗಿ ಬಿಡುವುದರಿಂದ ಒಳಗಿನ ಉಕ್ಕಿಗೆ ರಕ್ಷಣೆ ಸಿಗುವುದಿಲ್ಲ, ಕೆಳಗೆ ಕೆಳಗೆ ಕೊರೆಯುತ್ತಾ ಹೋಗುತ್ತದೆ. ಅದಕ್ಕೇ ಹಾಗೇ ಇರಲಿ ಅಂತ ಬಿಟ್ಟ ಉಪಕರಣ ಹಾಗೇ ಇರುವುದಿಲ್ಲ. ಆದರೆ ಎಲ್ಲ ಕಪ್ಪೂ ತುಕ್ಕಲ್ಲ. ಹಳೆಯ ಉಕ್ಕಿನ ಮೇಲೆ ನುಣ್ಣಗೆ ಅಂಟಿಕೊಂಡ ಕಪ್ಪು, ಕಂದು ಛಾಯೆ ಇರುತ್ತದೆ. ಎಷ್ಟೋ ವರ್ಷದ ಎಣ್ಣೆ, ಒರೆಸುವಿಕೆ, ಕೈಯ ಓಡಾಟದಿಂದ ಬಂದದ್ದು ಅದು. ಅದು ಉಪಕರಣಕ್ಕೆ ತೊಂದರೆ ಕೊಡುವುದಿಲ್ಲ. ಬೆರಳಿನಿಂದ ತಿಕ್ಕಿದರೆ ಪುಡಿ ಬರುವ ಕೆಂಪು ಮಾತ್ರ ಹೋಗಬೇಕು. ಬಿಳಿಯಾಗಿ ಥಳಥಳ ಹೊಳೆಯುವವರೆಗೆ ಉಜ್ಜಿದರೆ ನೀವು ತುಕ್ಕನ್ನು ದಾಟಿ ಅಪ್ಪನ ಕಾಲದೊಳಗೆ ಹೋಗಿಬಿಟ್ಟಿರಿ ಅಂತಲೇ.

ಮಾಡುವ ರೀತಿ ಸರಳ. ಒಣ ಬ್ರಷ್ಷಿನಿಂದ ಧೂಳು ತೆಗೆಯಿರಿ. ತೆಳುವಾದ ಮೆಷಿನ್ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಮಾರನೇ ದಿನ ಅತ್ಯಂತ ನಯವಾದ ಸ್ಟೀಲ್ ವುಲ್ ತೆಗೆದುಕೊಂಡು, ನಾಲ್ಕು ಸೊನ್ನೆ ನಂಬರಿನದ್ದು, ಮತ್ತೆ ಎಣ್ಣೆ ಹಾಕಿ ಹಗುರವಾಗಿ ತಿಕ್ಕಿ. ಆಗಾಗ ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಬಟ್ಟೆಗೆ ಕೆಂಪು ಹತ್ತುವುದು ನಿಂತರೆ ನೀವೂ ನಿಲ್ಲಿಸಿ. ಗಟ್ಟಿ ಕಟ್ಟಿದ ತುಕ್ಕಿಗೆ ಹಿತ್ತಾಳೆಯ ತುಣುಕಿನ ಅಂಚಿನಿಂದ ಕೆರೆಯಬಹುದು. ಹಿತ್ತಾಳೆ ಉಕ್ಕಿಗಿಂತ ಮೆದು, ಗೀರು ಬೀಳುವುದಿಲ್ಲ.

ವಿನೆಗರ್‌ನಲ್ಲಿ ಮುಳುಗಿಸಿ ಅಂತ ನಿಮಗೆ ನೂರು ಜನ ಹೇಳುತ್ತಾರೆ. ತುಕ್ಕು ಹೋಗುವುದು ನಿಜ. ಆದರೆ ಆಮ್ಲಕ್ಕೆ ಕೆಂಪು ಯಾವುದು, ಕಪ್ಪು ಯಾವುದು ಅನ್ನುವ ಭೇದ ಇಲ್ಲ. ಎರಡನ್ನೂ ತಿಂದು ಲೋಹವನ್ನು ಮಂಕು ಬೂದಿ ಬಣ್ಣಕ್ಕೆ ತರುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಕಂಪನಿಯ ಮುದ್ರೆಯೂ ಮಾಸುತ್ತದೆ. ನನ್ನ ಮಟ್ಟಿಗೆ ಇದು ಪೂರ್ತಿ ಕೆಟ್ಟ ಸರಪಳಿ, ಕ್ಲಾಂಪಿನಂಥ ವಸ್ತುಗಳಿಗೆ ಮಾತ್ರ. ಬ್ಯಾಟರಿ ಚಾರ್ಜರ್, ವಾಷಿಂಗ್ ಸೋಡಾ ಇಟ್ಟುಕೊಂಡು ವಿದ್ಯುತ್ತಿನಿಂದ ತುಕ್ಕು ಬಿಡಿಸುವ ವಿಧಾನವೂ ಇದೆ. ಹೊಸಬರಿಗೆ ನಾನು ಹೇಳುವುದಿಲ್ಲ. ಅದರಲ್ಲಿ ಹೈಡ್ರೋಜನ್ ಅನಿಲ ಬರುತ್ತದೆ. ಚಾರ್ಜರಿನ ಇನ್ನೊಂದು ತಂತಿಯ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿಬಿಟ್ಟರೆ ಕ್ರೋಮಿಯಂನ ವಿಷಕಾರಿ ರೂಪ ನೀರಿಗೆ ಇಳಿಯುತ್ತದೆ.

ಹಿಡಿಗಳಿಗೆ ಸ್ಯಾಂಡ್‌ಪೇಪರ್ ಬೇಡವೇ ಬೇಡ. ಆ ಹೊಳಪು ಬೆವರು, ಚರ್ಮದ ಜಿಡ್ಡು, ತಿಕ್ಕಾಟ ಸೇರಿ ಆದದ್ದು. ಮೇಲಿನ ತೆಳು ಪದರದಲ್ಲೇ ಅದು ಇರುವುದು, ಎರಡು ಸಲ ಉಜ್ಜಿದರೆ ಹೋಯಿತು. ಒದ್ದೆ ಮಾಡಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಅಗಸೆ ಎಣ್ಣೆಯನ್ನು ಬೆರಳಲ್ಲಿ ತೆಳುವಾಗಿ ಸವರಿ, ಹೆಚ್ಚಾದದ್ದನ್ನು ಒರೆಸಿ. ಇಲ್ಲಿ ಒಂದು ಎಚ್ಚರಿಕೆ. ಅಗಸೆ ಎಣ್ಣೆ ಹತ್ತಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ಶಾಖ ಹುಟ್ಟುತ್ತದೆ, ಮುದ್ದೆಯೊಳಗೆ ಆ ಶಾಖ ಕೂಡಿಕೊಂಡು ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರವಿ ಒಣಗಿಸಿ, ಆಮೇಲೆ ಬಿಸಾಡಿ. ಹಿಡಿಯ ಮೇಲೆ ಹಳೆಯ ಬಣ್ಣ ಮೆತ್ತಿಕೊಂಡಿದ್ದರೆ ಅದನ್ನೂ ಒಣಗಿದ ಹಾಗೇ ಉಜ್ಜಬೇಡಿ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು, ಧೂಳು ಮೂಗಿಗೆ ಹೋಗಬಾರದು.

ಸುತ್ತಿಗೆಯ ತಲೆ ಸಡಿಲವಾಗಿದ್ದರೆ ನೀರಿನಲ್ಲಿ ನೆನೆಸುವವರಿದ್ದಾರೆ. ಆವತ್ತಿಗೆ ಬಿಗಿಯಾಗುತ್ತದೆ. ಆದರೆ ಉಬ್ಬಿದ ಮರ ಕಬ್ಬಿಣದ ಒಳಗೆ ಜಜ್ಜಿಹೋಗುತ್ತದೆ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಹೊಸ ಬೆಣೆ ಹೊಡೆಸಿ. ಹಿಡಿ ಇಲ್ಲದ, ಪೂರ್ತಿ ಕಬ್ಬಿಣದ ಉಳಿಯಾದ ಚಾಣದ ತಲೆ ಹೊಡೆತಕ್ಕೆ ಅರಳಿ ಅಂಚು ಹೊರಗೆ ಚಾಚಿದ್ದರೆ ಅದರಿಂದ ಹೊಡೆಯಬೇಡಿ, ಚೂರು ಸಿಡಿದು ಕಣ್ಣಿಗೆ ಬೀಳುತ್ತದೆ. ನೋಡಲು ಇಟ್ಟುಕೊಳ್ಳುವುದಾದರೆ ಆ ಅರಳಿದ ಅಂಚು ಹಾಗೇ ಇರಲಿ, ಅದೂ ಅವರ ಹೊಡೆತವೇ. ಹಳೆಯ ವಿದ್ಯುತ್ ಡ್ರಿಲ್ ಇದ್ದರೆ ವೈರನ್ನು ಬಲ್ಲವರಿಗೆ ತೋರಿಸದೆ ಪ್ಲಗ್ ಹಾಕಬೇಡಿ.

ಮತ್ತೆ ತುಕ್ಕು ಬರದಂತೆ ಮ್ಯೂಸಿಯಂಗಳಲ್ಲಿ ಲೋಹಕ್ಕೆ ಒಂದು ಬಗೆಯ ನಯವಾದ ಮೇಣ ಹಚ್ಚುತ್ತಾರೆ, ಮೈಕ್ರೋಕ್ರಿಸ್ಟಲೈನ್ ಮೇಣ. ಸಿಕ್ಕರೆ ಅದು, ಇಲ್ಲದಿದ್ದರೆ ಮೆಷಿನ್ ಎಣ್ಣೆ. ಗಾಳಿಯ ತೇವಾಂಶ ಶೇಕಡಾ 50ರ ಸುತ್ತ ಇದ್ದರೆ ಒಳ್ಳೆಯದು, 60 ದಾಟಿದರೆ ತುಕ್ಕು ಚುರುಕಾಗುತ್ತದೆ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಒಳಗೆ ಸಿಕ್ಕ ತೇವ ಅಲ್ಲೇ ಉಳಿಯುತ್ತದೆ. ಬರಿಗೈಯಲ್ಲಿ ಮುಟ್ಟಬಹುದಾ ಅಂತ ಕೇಳುವವರಿದ್ದಾರೆ. ಬೆವರಿನ ಉಪ್ಪು ತುಕ್ಕಿಗೆ ದಾರಿ, ನಿಜ. ಆದರೂ ಬರಿಗೈಯಲ್ಲೇ ಹಿಡಿಯಿರಿ. ನಿಮ್ಮ ಬೆರಳು ಅವರ ಬೆರಳಿನ ಜಾಗ ಹುಡುಕಬೇಕಾದರೆ ಕೈಗವಸು ಅಡ್ಡ. ಇಡುವ ಮುಂಚೆ ಎಣ್ಣೆ ಬಟ್ಟೆಯಿಂದ ಒರೆಸಿದರೆ ಆಯಿತು.

ಪೆಟ್ಟಿಗೆ ತೆರೆದಾಗ ಬಂದ ವಾಸನೆಯ ಬಗ್ಗೆ ನೀವು ಬರೆದಿಲ್ಲ, ಆದರೆ ಬಂದಿರುತ್ತದೆ. ಮರದ ಹೊಟ್ಟು, ಎಣ್ಣೆ, ಕಬ್ಬಿಣ. ಉಳಿದ ಇಂದ್ರಿಯಗಳ ಸುದ್ದಿ ಮೆದುಳಿನಲ್ಲಿ ಒಂದು ನಿಲ್ದಾಣ ದಾಟಿ ಹೋಗುತ್ತದೆ. ವಾಸನೆ ಮಾತ್ರ ನೆನಪು, ಭಾವನೆಗಳನ್ನು ನೋಡಿಕೊಳ್ಳುವ ಭಾಗಗಳಿಗೆ ಹೆಚ್ಚು ನೇರವಾಗಿ ಮುಟ್ಟುತ್ತದೆ. ವಾಸನೆಗೆ ಕಣ್ಣು ತುಂಬಿಬರುವುದು ಅದಕ್ಕೇ. ಸ್ವಚ್ಛ ಮಾಡಿದರೆ ಮೊದಲು ಹೋಗುವುದು ಇದೇ. ಅವರು ಕೈ ಒರೆಸಿಕೊಳ್ಳುತ್ತಿದ್ದ ಹಳೆಯ ಬಟ್ಟೆ, ಪೂರ್ತಿ ಒಣಗಿದ್ದು, ಸಿಕ್ಕರೆ ಒಂದು ಹಿಡಿ ಹೊಟ್ಟಿನ ಜೊತೆ ಮುಚ್ಚಳ ಬಿಗಿಯಾದ ಲೋಹದ ಡಬ್ಬಿಯಲ್ಲಿ ಹಾಕಿಡಿ. ಪದೇ ಪದೇ ತೆರೆಯಬೇಡಿ.

ಮರಗೆಲಸ ಬರುವುದಿಲ್ಲ ಅಂತೀರಿ. ಕಲಿಯಲೇಬೇಕು ಅಂತ ನಾನು ಹೇಳುವುದಿಲ್ಲ. ಅಪ್ಪನ ಕಸುಬು ಮಕ್ಕಳ ಮೇಲಿನ ಸಾಲವಲ್ಲ. ಆದರೆ ಒಂದು ಉಪಕರಣದಿಂದ ಒಂದು ಸಣ್ಣ ಕೆಲಸ ಮಾಡಿ ನೋಡಿ. ಕೈಯಿಂದ ಗೊತ್ತಾಗುವುದು ಕಣ್ಣಿನಿಂದ ಗೊತ್ತಾಗುವುದಿಲ್ಲ. ಗಿಡ್ಡವಾದ ಆ ಉಳಿಯಿಂದ ಮಾತ್ರ ಶುರು ಮಾಡಬೇಡಿ, ಅದು ಇನ್ನು ಸವೆಯುವುದು ಬೇಡ. ಅವರು ಕಡಿಮೆ ಬಳಸಿದ ಯಾವುದಾದರೂ ಉಳಿ ತೆಗೆದುಕೊಳ್ಳಿ. ಬಲ್ಲವರ ಹತ್ತಿರ ಕೂತು ಅದನ್ನು ಹರಿತ ಮಾಡುವುದನ್ನು ಕಲಿಯಿರಿ. ಮೊಂಡು ಉಳಿಯೇ ಹೆಚ್ಚು ಅಪಾಯ, ಜಾಸ್ತಿ ಒತ್ತಬೇಕಾಗಿ ಜಾರುತ್ತದೆ. ಮರವನ್ನು ಕ್ಲಾಂಪಿನಲ್ಲಿ ಕಚ್ಚಿಸಿ, ಎರಡೂ ಕೈ ಬಾಯಿಯ ಹಿಂದೆಯೇ ಇರಲಿ. ತೆಳುವಾಗಿ ಒಂದು ಸಿಪ್ಪೆ ಸುರುಳಿಯಾಗಿ ಎದ್ದು ಬಂದಾಗ, ಸಂಜೆ ಅವರ ಭುಜ ಯಾಕೆ ನೋಯುತ್ತಿತ್ತು, ಕೆಲಸದ ಮಧ್ಯೆ ಯಾಕೆ ಮಾತಾಡುತ್ತಿರಲಿಲ್ಲ ಅನ್ನುವುದು ಮೈಗೇ ಅರ್ಥವಾಗುತ್ತದೆ. ಬಳಸುವಾಗ ಹಿಡಿ ಮುರಿದರೆ ಅಳಬೇಡಿ. ಹಿಡಿ ಬದಲಾಯಿಸುವುದು ಈ ಕಸುಬಿನಲ್ಲಿ ಮಾಮೂಲು, ಅವರೂ ಎಷ್ಟೋ ಹಿಡಿ ಹಾಕಿಸಿರುತ್ತಾರೆ. ಮುರಿದದ್ದನ್ನು ತೆಗೆದಿಡಿ, ಹೊಸದು ಹಾಕಿಸಿ.

ಅಮ್ಮನ ಮಾತಿಗೆ ಬರುತ್ತೇನೆ. ವಾಮಿಕ್ ವೋಲ್ಕನ್ ಎಂಬ ಮನೋವೈದ್ಯರು 1970ರ ದಶಕದಲ್ಲಿ ಒಂದು ವಿಷಯ ಗುರುತಿಸಿದರು. ತೀರಿಕೊಂಡವರ ಯಾವುದೋ ಒಂದು ವಸ್ತುವನ್ನು ಕೆಲವರು ಬೀಗ ಹಾಕಿ ಇಡುತ್ತಾರೆ. ಬಳಸುವುದೂ ಇಲ್ಲ, ಬಿಡುವುದೂ ಇಲ್ಲ, ಆದರೆ ಅದು ಎಲ್ಲಿದೆ ಅಂತ ಸದಾ ಗೊತ್ತಿರಬೇಕು. ದುಃಖ ಆ ವಸ್ತುವಿನಲ್ಲಿ ಹೆಪ್ಪುಗಟ್ಟಿ ನಿಂತಿರುತ್ತದೆ. ಹಿಂದೆ ವೈದ್ಯರು ಇಂಥ ನಂಟನ್ನು ಕಡಿದುಕೊಳ್ಳಬೇಕು ಅಂತಲೇ ಹೇಳುತ್ತಿದ್ದರು. 1996ರಲ್ಲಿ ಡೆನ್ನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಎಂಬ ಮೂವರು ಅದಕ್ಕೆ ಎದುರು ಮಾತು ಮುಂದಿಟ್ಟರು. ಹೋದವರ ಜೊತೆಗಿನ ನಂಟು ಮುಂದುವರಿಯುವುದು ರೋಗವಲ್ಲ, ಅದು ಬೇರೆ ರೂಪ ಪಡೆದು ಉಳಿಯುವುದು ಸಹಜ ಅಂದರು. ನಾನು ಕಂಡ ಮನೆಗಳಿಗೆ ಎರಡನೆಯದೇ ಹೆಚ್ಚು ಹೊಂದುತ್ತದೆ.

ಹಾಗಾಗಿ ಅಮ್ಮನನ್ನು ಒಪ್ಪಿಸುವ ಪ್ರಯತ್ನ ಬೇಡ. ಪೆಟ್ಟಿಗೆ ತೆರೆಯುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಉಪಕರಣ ಹಿಡಿದಿರಲಿಕ್ಕಿಲ್ಲ, ಸದ್ದು ಕೇಳಿದ್ದಾರೆ. ಗರಗಸದ ಸದ್ದು ಯಾವುದು, ಕೀಸುಳಿಯದು ಯಾವುದು, ಯಾವ ಸದ್ದು ನಿಂತರೆ ಅಪ್ಪ ಒಳಗೆ ಬರುತ್ತಾರೆ ಅನ್ನುವುದು ಅವರಿಗೆ ಗೊತ್ತು. ಕೇಳಿ, ಬರೆದುಕೊಳ್ಳಿ. ತುಕ್ಕು ತೆಗೆಯದೆ ಇದ್ದರೆ ಇದು ಹಾಗೇ ಉಳಿಯುವುದಿಲ್ಲ ಅನ್ನುವುದನ್ನು ಮಾತ್ರ ಹೇಳಿ. ಒಂದು ವಸ್ತುವನ್ನು ಎಣ್ಣೆಯನ್ನೂ ಹಚ್ಚದೆ ಇಡಬೇಕು ಅಂದರೆ ಹಾಗೇ ಇಡಿ. ಒಂದು ಉಳಿಗೆ ತುಕ್ಕು ಹಿಡಿದರೆ ಏನೂ ಆಗುವುದಿಲ್ಲ.

ತಮ್ಮ ಹೇಳುವುದೂ ಸರಿಯೇ. ಎಲ್ಲವನ್ನೂ ಇಟ್ಟುಕೊಂಡರೆ ಯಾವುದನ್ನೂ ನೋಡುವುದಿಲ್ಲ. ಆದರೆ ಕೊಡುವ ಮುಂಚೆ ಮನೆಯವರು ಒಬ್ಬೊಬ್ಬರೂ ಒಂದೊಂದು ಆರಿಸಿಕೊಳ್ಳಲಿ. ಬೆಲೆ ನೋಡಿ ಬೇಡ, ಯಾವುದಕ್ಕೆ ಯಾರ ಬಳಿ ನೆನಪಿದೆಯೋ ಅದು ಅವರಿಗೆ. ಒಂದೇ ಉಪಕರಣಕ್ಕೆ ಇಬ್ಬರ ಬಳಿಯೂ ನೆನಪಿದ್ದರೆ ಒಂದು ವರ್ಷ ಒಬ್ಬರ ಮನೆ, ಇನ್ನೊಂದು ವರ್ಷ ಇನ್ನೊಬ್ಬರ ಮನೆ. ಉಳಿಗಳ ಜೊತೆಯನ್ನು ಒಡೆದು ಹಂಚಬಹುದು. ಕೀಸುಳಿಯನ್ನೂ ಅದರ ಅಲಗನ್ನೂ ಬೇರೆ ಮಾಡಬೇಡಿ. ಸಾಣೆಕಲ್ಲು, ಗೀಟಿನ ಕೋಲು, ಕೈಯಲ್ಲಿ ಮಾಡಿದ ಅಚ್ಚುಗಳು, ಬಟ್ಟೆ ಸುತ್ತಿದ ಉಳಿ, ಇವು ಮನೆಯಿಂದ ಹೊರಗೆ ಹೋಗುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಉಳಿದ ಸುತ್ತಿಗೆ, ಕ್ಲಾಂಪು, ಬೈರಿಗೆ, ಅರ, ಎರಡನೇ ಗರಗಸ ಇವನ್ನು ಕಸುಬು ಈಗಷ್ಟೇ ಶುರು ಮಾಡಿದ ಯಾರಿಗಾದರೂ ಕೊಡಿ. ಗೋಡೆಗೆ ಅಲಂಕಾರಕ್ಕೆ ನೇತುಹಾಕುವವರಿಗಿಂತ ಅವರಿಗೆ ಕೊಡುವುದು ಮೇಲು. ಮಾರಬಾರದು, ವಾಪಸ್ ಕೊಡಬೇಕು ಅಂತೆಲ್ಲ ಅವರಿಗೆ ಷರತ್ತು ಹಾಕಬೇಡಿ. ಷರತ್ತಿನ ಉಪಕರಣವನ್ನು ಕೆಲಸಗಾರ ಧೈರ್ಯವಾಗಿ ಬಳಸುವುದಿಲ್ಲ.

ಜೊತೆಗೆ ಒಂದು ಕಾಗದ ಕೊಡಿ. ಇದನ್ನು ಬಳಸುತ್ತಿದ್ದವರ ಹೆಸರು, ಎಷ್ಟು ವರ್ಷ ಬಳಸಿದರು, ಇದರಿಂದ ಮಾಡಿದ ಕೆಲಸಗಳಲ್ಲಿ ಈಗಲೂ ಎಲ್ಲಾದರೂ ಇರುವ ಒಂದು ಬಾಗಿಲೋ ಕಪಾಟೋ ಯಾವುದು, ಅಷ್ಟು ಬರೆಯಿರಿ. ಉಳಿಯಾದರೆ ನೀವು ಕತ್ತರಿಸಿಟ್ಟ ಕೋನದ ಕಾಗದದ ನಕಲನ್ನೂ ಸೇರಿಸಿ, ಅವರು ಅದೇ ಕೋನಕ್ಕೆ ಮಸೆಯಲಿ.